ಮಗುವಿನ ಗುಳ್ಳೆಯಿಂದ ರಕ್ತ ಬರುತ್ತಿದ್ದರೆ: ಮೊದಲು ಏನು ಮಾಡಬೇಕು, ಯಾವಾಗ ಓಡಬೇಕು

ಮಕ್ಕಳ ಮೈಮೇಲಿನ ಗುಳ್ಳೆಯಿಂದ ರಕ್ತ ಬಂದರೆ ಮನೆಯಲ್ಲಿ ಎರಡು ಪಕ್ಷ ಆಗುತ್ತದೆ. ಒಂದು ಪಕ್ಷ ‘ಉಷ್ಣ ಆಗಿರಬೇಕು ಬಿಡಿ, ಎಳನೀರು ಕುಡಿಸಿ’ ಅನ್ನುತ್ತದೆ. ಇನ್ನೊಂದು ಪಕ್ಷ ಮೊಬೈಲ್ ಹಿಡಿದು ಹುಡುಕಿ, ಹತ್ತೇ ನಿಮಿಷದಲ್ಲಿ ಕ್ಯಾನ್ಸರ್‌ವರೆಗೆ ಹೋಗಿ ಮುಟ್ಟಿರುತ್ತದೆ. ಇಬ್ಬರ ಮಾತಿನ ನಡುವೆ ಮಗುವನ್ನು ಸರಿಯಾಗಿ ನೋಡಿದವರು ಯಾರೂ ಇರುವುದಿಲ್ಲ.

ಇದು ಯಾವ ಗುಳ್ಳೆ ಅನ್ನುವುದು ಆಮೇಲಿನ ಮಾತು. ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ ಇದೆ. ರಕ್ತ ಗುಳ್ಳೆಯಿಂದ ಹೊರಗೆ ಬರುತ್ತಿದೆಯೋ, ಅಥವಾ ಚರ್ಮದ ಒಳಗೇ ನಿಂತಿದೆಯೋ? ಹೊರಗೆ ಬರುವ ರಕ್ತ ನೋಡಲು ಭಯಂಕರ, ಆದರೆ ಬಹಳಷ್ಟು ಸಲ ಒತ್ತಿ ಹಿಡಿದರೆ ನಿಲ್ಲುವಂಥದ್ದು. ಒಳಗೆ ನಿಂತ ರಕ್ತ ಸಣ್ಣ ಚುಕ್ಕೆಯ ಹಾಗೆ ಕಾಣುತ್ತದೆ, ನೋವೂ ಇರುವುದಿಲ್ಲ. ಆಸ್ಪತ್ರೆಗೆ ಓಡಬೇಕಾದದ್ದು ಜಾಸ್ತಿ ಇದಕ್ಕೇ.

ಮೊದಲ ಹೆಜ್ಜೆ: ಒತ್ತಿ ಹಿಡಿಯಿರಿ, ಇಣುಕಬೇಡಿ

ಒಗೆದು ಒಣಗಿಸಿದ ತೆಳ್ಳಗಿನ ಹತ್ತಿ ಬಟ್ಟೆ ಅಥವಾ ಗಾಜ್ (ಗಾಯಕ್ಕೆ ಕಟ್ಟುವ ಜಾಲರಿ ಬಟ್ಟೆ) ತೆಗೆದುಕೊಳ್ಳಿ. ಹತ್ತಿಯ ಉಂಡೆ ಬೇಡ. ಅದರ ಎಳೆ ಗಾಯಕ್ಕೆ ಅಂಟಿಕೊಳ್ಳುತ್ತದೆ. ಬಟ್ಟೆಯನ್ನು ಗುಳ್ಳೆಯ ಮೇಲಿಟ್ಟು ಬೆರಳಿನಿಂದ ಬಿಗಿಯಾಗಿ ಒತ್ತಿ. ಗಡಿಯಾರ ನೋಡಿಕೊಂಡು 10 ನಿಮಿಷ. ನಡುವೆ ‘ನಿಂತಿತಾ ನೋಡೋಣ’ ಅಂತ ಬಟ್ಟೆ ಎತ್ತಬಾರದು. ಆಗಷ್ಟೇ ಕಟ್ಟುತ್ತಿದ್ದ ಹೆಪ್ಪು ಬಟ್ಟೆಯ ಜೊತೆ ಕಿತ್ತು ಬರುತ್ತದೆ, ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಮಗುವಿಗೆ ಒಂದು ಕಾರ್ಟೂನ್ ಹಾಕಿ ಕೊಡಿ. ಮೊಬೈಲ್ ಕೊಡಬಾರದು ಅನ್ನುವ ನಿಯಮಕ್ಕೆ ಇವತ್ತೊಂದು ದಿನ ರಜೆ.

10 ನಿಮಿಷಕ್ಕೂ ನಿಲ್ಲದಿದ್ದರೆ ಇನ್ನೊಂದು 10 ನಿಮಿಷ ಒತ್ತಿ. ಆಗಲೂ ನಿಲ್ಲದಿದ್ದರೆ ಒತ್ತಿಕೊಂಡೇ ಆಸ್ಪತ್ರೆಗೆ ಹೊರಡಿ.

ಕಾಫಿಪುಡಿ, ಸುಣ್ಣ, ಅರಿಶಿನ ಯಾವುದನ್ನೂ ಮೆತ್ತಬೇಡಿ. ಮೆತ್ತಿದರೆ ಡಾಕ್ಟರಿಗೆ ಕೆಳಗೆ ಏನಿದೆ ಅಂತ ಕಾಣುವುದಿಲ್ಲ, ತೊಳೆಯಲು ಹೋದರೆ ಮತ್ತೆ ರಕ್ತ. ರಕ್ತ ನಿಂತ ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ, ಮೇಲೆ ಗಾಜ್ ಇಟ್ಟು ಪಟ್ಟಿ ಹಾಕಿ. ವ್ಯಾಸಲೀನ್ ಇದ್ದರೆ ಪಟ್ಟಿ ಹಕ್ಕಳೆಗೆ ಅಂಟುವುದಿಲ್ಲ. ಒಣ ಪಟ್ಟಿ ಅಂಟಿಕೊಂಡೇಬಿಟ್ಟಿದ್ದರೆ ಎಳೆಯಬೇಡಿ. ಕುದಿಸಿ ಆರಿಸಿದ ನೀರಿನಲ್ಲಿ ಐದು ನಿಮಿಷ ನೆನೆಸಿದರೆ ತಾನೇ ಬಿಡುತ್ತದೆ.

ಎರಡನೇ ಹೆಜ್ಜೆ: ಗಾಜಿನ ಲೋಟ ತನ್ನಿ

ರಕ್ತ ನಿಂತ ಮೇಲೆ ಮಗುವಿನ ಬಟ್ಟೆ ಪೂರ್ತಿ ಬಿಚ್ಚಿ, ಒಳ್ಳೆಯ ಬೆಳಕಿನಲ್ಲಿ ಮೈಯೆಲ್ಲ ನೋಡಿ. ಬೇರೆ ಕಡೆ ಕೆಂಪು, ನೇರಳೆ ಅಥವಾ ಕಪ್ಪಗಿನ ಚುಕ್ಕೆಗಳಿವೆಯಾ? ಇದ್ದರೆ ಪಾರದರ್ಶಕ ಗಾಜಿನ ಲೋಟದ ಪಕ್ಕವನ್ನು ಚುಕ್ಕೆಯ ಮೇಲಿಟ್ಟು ಒತ್ತಿ, ಗಾಜಿನ ಮೂಲಕವೇ ನೋಡಿ. ಸೊಳ್ಳೆ ಕಚ್ಚಿದ್ದು, ಅಲರ್ಜಿಯ ದದ್ದು ಇಂಥವಾದರೆ ಒತ್ತಿದಾಗ ಬಣ್ಣ ಮಾಯವಾಗುತ್ತದೆ, ಬಿಟ್ಟಾಗ ಮತ್ತೆ ಬರುತ್ತದೆ. ಒತ್ತಿದರೂ ಚುಕ್ಕೆ ಹಾಗೇ ಉಳಿದರೆ ಅದು ರಕ್ತನಾಳದಿಂದ ಹೊರಬಂದು ಚರ್ಮದೊಳಗೆ ನಿಂತ ರಕ್ತ.

ಇಲ್ಲೊಂದು ತೊಡಕು. ಇಂಟರ್‌ನೆಟ್‌ನಲ್ಲಿ ಸಿಗುವ ಫೋಟೋಗಳಲ್ಲಿ ಹೆಚ್ಚಿನವು ಬಿಳಿ ಚರ್ಮದ ಮಕ್ಕಳವು. ನಮ್ಮ ಮಕ್ಕಳ ಗೋಧಿ ಬಣ್ಣ, ಕಪ್ಪು ಬಣ್ಣದ ಮೈಮೇಲೆ ಕೆಂಪು ಕೆಂಪಾಗಿ ಕಾಣುವುದಿಲ್ಲ. ಕಂದಾಗಿಯೋ ಕಪ್ಪಾಗಿಯೋ ಕಾಣುತ್ತದೆ, ಎಷ್ಟೋ ಸಲ ಕಾಣುವುದೇ ಇಲ್ಲ. ಅದಕ್ಕೇ ಅಂಗೈ, ಅಂಗಾಲು, ಕೆಳ ರೆಪ್ಪೆಯ ಒಳಭಾಗ, ತುಟಿಯ ಒಳಗೆ, ಬಾಯಿಯ ಮೇಲಂಗುಳ ಇವಿಷ್ಟನ್ನು ತಪ್ಪದೆ ನೋಡಿ. ಅಲ್ಲಿ ಬಣ್ಣ ತಿಳಿಯಾಗಿರುವುದರಿಂದ ಚುಕ್ಕೆ ಅಡಗಿಕೊಳ್ಳುವುದಿಲ್ಲ.

ಜ್ವರವೂ ಇದೆ, ಒತ್ತಿದರೆ ಮಾಯವಾಗದ ಚುಕ್ಕೆಯೂ ಇದೆ ಅಂದರೆ ಮುಂದಿನದನ್ನು ಓದುತ್ತಾ ಕೂರಬೇಡಿ. ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಹೊರಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಮೆನಿಂಜೋಕಾಕಸ್ ಎಂಬ ಬ್ಯಾಕ್ಟೀರಿಯಾ ರಕ್ತ ಸೇರಿದಾಗ ಹೀಗೇ ಚುಕ್ಕೆ ಏಳುತ್ತದೆ. ಅದು ಅಪರೂಪ, ಆದರೆ ಕೆಲವೇ ಗಂಟೆಗಳಲ್ಲಿ ಕೈಮೀರುತ್ತದೆ.

ನಮ್ಮಲ್ಲಿ ಅದಕ್ಕಿಂತ ಎಷ್ಟೋ ಸಾಮಾನ್ಯವಾದದ್ದು ಡೆಂಗಿ. ಮಳೆ ಶುರುವಾದ ಮೇಲೆ ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು, ಆಮೇಲೆ ಚುಕ್ಕೆಗಳು, ವಸಡಿನಿಂದ ಅಥವಾ ಮೂಗಿನಿಂದ ರಕ್ತ. ಜ್ವರ ಇಳಿಯಿತು, ಇನ್ನೇನು ವಾಸಿಯಾಯಿತು ಅಂದುಕೊಳ್ಳುವ ಹೊತ್ತೇ ಡೆಂಗಿಯಲ್ಲಿ ಅಪಾಯದ ಹೊತ್ತು. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಮಗು ಮಂಕಾಗುವುದು, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಆಸ್ಪತ್ರೆಗೆ ಹೋಗಿ. ಜ್ವರಕ್ಕೆ ಮಗುವಿನ ತೂಕ ನೋಡಿ ಡಾಕ್ಟರ್ ಹೇಳಿದ ಅಳತೆಯ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್, ಆಸ್ಪಿರಿನ್ ಬೇಡ, ಇವು ರಕ್ತಸ್ರಾವ ಹೆಚ್ಚಿಸುತ್ತವೆ. ‘ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ’ ಅಂತ ದುಂಬಾಲು ಬೀಳುವುದೂ ಬೇಡ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣಗಳು) ಇಳಿದಿದ್ದರೆ ಸೂಜಿ ಚುಚ್ಚಿದ ಸ್ನಾಯುವಿನ ಒಳಗೇ ರಕ್ತ ಇಳಿಯುತ್ತದೆ.

ಜ್ವರ ಇಲ್ಲ, ಮಗು ಕುಣಿದಾಡಿಕೊಂಡಿದೆ, ಆದರೂ ಮೈಮೇಲೆ ಇದ್ದಕ್ಕಿದ್ದಂತೆ ಚುಕ್ಕೆ, ಅಲ್ಲಲ್ಲಿ ನೀಲಿಗಟ್ಟಿದ ಕಲೆ. ಒಂದೆರಡು ವಾರದ ಹಿಂದೆ ಶೀತ ಜ್ವರ ಬಂದು ಹೋಗಿತ್ತು. ಹೀಗಿದ್ದರೆ ಡಾಕ್ಟರಿಗೆ ಮೊದಲು ಬರುವ ಅನುಮಾನ ಐಟಿಪಿ. ದೇಹವೇ ತನ್ನ ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡಿಕೊಳ್ಳುವ ತೊಂದರೆ ಇದು. ಹೆಚ್ಚಿನ ಮಕ್ಕಳಲ್ಲಿ 6 ತಿಂಗಳೊಳಗೆ ತಾನೇ ಸರಿಹೋಗುತ್ತದೆ. ಅಲ್ಲಿಯವರೆಗೆ ಸೈಕಲ್, ಕಬಡ್ಡಿ, ಮರ ಹತ್ತುವುದು ಬಂದ್. ಆದರೆ ರಕ್ತ ಪರೀಕ್ಷೆ ಅದೇ ದಿನ ಆಗಬೇಕು. ಮಗು ಬಿಳಿಚಿಕೊಂಡಿದ್ದರೆ, ಸುಸ್ತು, ಮೂಳೆ ನೋವು, ವಾರಗಟ್ಟಲೆ ಜ್ವರ, ಕುತ್ತಿಗೆಯಲ್ಲಿ ಗಂಟು ಇದ್ದರೆ ರಕ್ತದ ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕಾಗುತ್ತದೆ.

ಚುಕ್ಕೆಗಳು ಮುಟ್ಟಿದರೆ ಕೈಗೆ ಉಬ್ಬಾಗಿ ಸಿಗುತ್ತಿವೆ, ಬರೀ ಮೊಣಕಾಲಿನ ಕೆಳಗೆ ಮತ್ತು ಕುಂಡಿಯ ಮೇಲೆ ಇವೆ, ಜೊತೆಗೆ ಹೊಟ್ಟೆನೋವು, ಕೀಲುನೋವು. ಇದು ಸಣ್ಣ ರಕ್ತನಾಳಗಳ ಉರಿಯೂತ. ಡಾಕ್ಟರುಗಳು ಎಚ್‌ಎಸ್‌ಪಿ ಅನ್ನುತ್ತಾರೆ. ಚುಕ್ಕೆ ಕೆಲವು ವಾರದಲ್ಲಿ ಹೋಗುತ್ತದೆ. ಆದರೆ ಕಿಡ್ನಿಗೆ ತಟ್ಟಿದೆಯಾ ಅಂತ ನೋಡಲು ತಿಂಗಳುಗಟ್ಟಲೆ ಆಗಾಗ ಮೂತ್ರ ಪರೀಕ್ಷೆ ಮಾಡಿಸಬೇಕು. ಚರ್ಮ ಸರಿಹೋದ ಮೇಲೆ ಜನ ಮರೆತುಬಿಡುವುದು ಇದನ್ನೇ.

ಜೋರಾಗಿ ಕೆಮ್ಮಿದ ಅಥವಾ ವಾಂತಿ ಮಾಡಿದ ಮಗುವಿನ ಮುಖ, ಕುತ್ತಿಗೆ ಮೇಲಷ್ಟೇ ಸೂಜಿಮೊನೆಯಂಥ ಚುಕ್ಕೆ ಬಂದಿದ್ದರೆ ಬಹುಪಾಲು ಆ ಒತ್ತಡದಿಂದಲೇ ಬಂದದ್ದು. ಅದನ್ನೂ ಒಮ್ಮೆ ತೋರಿಸಿಬಿಡಿ.

ಮೂರನೇ ಹೆಜ್ಜೆ: ಈಗ ಗುಳ್ಳೆಯನ್ನು ನೋಡಿ

ಮೈಮೇಲೆ ಬೇರೆ ಚುಕ್ಕೆ ಇಲ್ಲ, ಜ್ವರ ಇಲ್ಲ, ತೊಂದರೆ ಆ ಒಂದು ಗುಳ್ಳೆಯದ್ದೇ ಅಂತಾದರೆ ಉಸಿರು ಬಿಡಬಹುದು. ಈಗ ಅದು ಯಾವಾಗ ಶುರುವಾಯಿತು, ಎಷ್ಟು ಬೇಗ ಬೆಳೆಯಿತು, ತುರಿಸುತ್ತದೆಯಾ ಅಂತ ನೆನಪು ಮಾಡಿಕೊಳ್ಳಿ.

ಎರಡು ಮೂರು ವಾರದ ಹಿಂದೆ ಏನೂ ಇರಲಿಲ್ಲ. ಸಣ್ಣ ಕೆಂಪು ಚುಕ್ಕೆಯಾಗಿ ಶುರುವಾಗಿ ಈಗ ಅರ್ಧ ಸೆಂಟಿಮೀಟರ್ ಆಗಿದೆ. ಕೆನ್ನೆ, ತುಟಿ, ಬೆರಳು ಇಂಥ ಕಡೆ. ಕಡುಗೆಂಪು ಬಣ್ಣ, ಮೇಲ್ಮೈ ಒದ್ದೆಯಾಗಿ ಹೊಳೆಯುತ್ತದೆ, ಬುಡದ ಸುತ್ತ ತೆಳ್ಳಗೆ ಬಿಳಿ ಚರ್ಮದ ಅಂಚು. ನೋವಿಲ್ಲ. ಆದರೆ ಟವೆಲ್ ತಾಗಿದರೆ ಸಾಕು, ಅಂಗಿ ತುಂಬಾ ರಕ್ತ. ಹೀಗಿದ್ದರೆ ಅದು ಬಹುಪಾಲು ಪಯೋಜೆನಿಕ್ ಗ್ರಾನುಲೋಮ. ಕೆಲವು ಡಾಕ್ಟರುಗಳು ಚೀಟಿಯಲ್ಲಿ ಲಾಬ್ಯುಲರ್ ಕ್ಯಾಪಿಲರಿ ಹೆಮಾಂಜಿಯೋಮ ಅಂತ ಬರೆಯುತ್ತಾರೆ, ಎರಡೂ ಒಂದೇ. ಮಗುವಿನ ಮೈಮೇಲಿನ ಒಂದೇ ಗುಳ್ಳೆ ಪದೇ ಪದೇ ರಕ್ತ ಸುರಿಸುತ್ತಿದ್ದರೆ ಮೊದಲು ನೆನಪಾಗಬೇಕಾದದ್ದು ಇದು.

ಒಳಗಿರುವುದು ಕೀವಲ್ಲ. ಸಣ್ಣ ಸಣ್ಣ ರಕ್ತನಾಳಗಳು ಒಂದೇ ಕಡೆ ಗುಂಪಾಗಿ ಬೆಳೆದಿರುತ್ತವೆ, ಮೇಲಿನ ಚರ್ಮ ತೀರಾ ತೆಳು. ಅದಕ್ಕೇ ಅಷ್ಟು ರಕ್ತ. ಕೆಲವು ಸಲ ಚಿಕ್ಕ ಗಾಯದ ನಂತರ ಬರುತ್ತದೆ, ಹೆಚ್ಚಿನ ಮಕ್ಕಳಲ್ಲಿ ಕಾರಣವೇ ಗೊತ್ತಾಗುವುದಿಲ್ಲ. ಕೀವಿಲ್ಲದ ಮೇಲೆ ಆಂಟಿಬಯಾಟಿಕ್ ಸಿರಪ್‌ನಿಂದಾಗಲಿ ಮುಲಾಮಿನಿಂದಾಗಲಿ ಇದು ಕರಗುವುದಿಲ್ಲ. ಎರಡು ಮೂರು ಬಾಟಲಿ ಸಿರಪ್ ಮುಗಿಸಿ ಚರ್ಮದ ಡಾಕ್ಟರ ಹತ್ತಿರ ಬರುವವರು ಬೇಕಾದಷ್ಟು ಜನ.

ಇದಕ್ಕೆ ಚಿಕಿತ್ಸೆ ಸಣ್ಣದು. ಮರಗಟ್ಟುವ ಮದ್ದು ಚುಚ್ಚಿ, ಗುಳ್ಳೆಯನ್ನು ಕೆರೆದು ತೆಗೆದು, ಬುಡವನ್ನು ವಿದ್ಯುತ್ ಶಾಖದಿಂದ ಸುಡುತ್ತಾರೆ. ಅದೇ ದಿನ ಮನೆಗೆ ಬರಬಹುದು. ತೀರಾ ಚಿಕ್ಕ ಮಗು ಅಲುಗಾಡದೆ ಇರುವುದಿಲ್ಲ ಅಂತಾದರೆ ಸ್ವಲ್ಪ ಹೊತ್ತು ಪ್ರಜ್ಞೆ ತಪ್ಪಿಸಿ ಮಾಡುತ್ತಾರೆ. ಚಿಕ್ಕ ಗುಳ್ಳೆಯಾದರೆ ಟಿಮೊಲೋಲ್ ಎಂಬ ಕಣ್ಣಿನ ಹನಿಯನ್ನು ಮೇಲೆ ಹಚ್ಚಲು ಕೊಡುವುದೂ ಉಂಟು. ಗ್ಲಾಕೋಮಾಕ್ಕೆ ಬಳಸುವ ಔಷಧ ಅದು. ಅಜ್ಜಿಯ ಕಣ್ಣಿನ ಡ್ರಾಪ್ಸ್ ತೆಗೆದು ನೀವೇ ಹಚ್ಚುವಂತಿಲ್ಲ. ಅದು ಮೈಗೆ ಸೇರಿದರೆ ಮಗುವಿನ ಎದೆಬಡಿತ ನಿಧಾನವಾಗುವ ಅಪಾಯವಿದೆ.

ಕೂದಲು ಅಥವಾ ದಾರ ಬಿಗಿದು ಕಟ್ಟುವ ಹಳೆಯ ಪದ್ಧತಿಯನ್ನು ಇದರ ಮೇಲಂತೂ ಮಾಡಲೇಬೇಡಿ. ನಂಜಾಗುತ್ತದೆ, ಬುಡ ಉಳಿದು ಮತ್ತೆ ಬೆಳೆಯುತ್ತದೆ, ತೆಗೆದದ್ದು ಏನು ಅಂತ ಪರೀಕ್ಷೆಗೂ ಸಿಗುವುದಿಲ್ಲ.

ಹಸುಗೂಸಾಗಿದ್ದರೆ ಲೆಕ್ಕ ಬೇರೆ. ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಕಾಣಿಸಿಕೊಂಡು, ಮೊದಲ ಮೂರು ತಿಂಗಳು ಭರದಿಂದ ಬೆಳೆಯುವ ಕೆಂಪು ಉಬ್ಬು ಹೆಮಾಂಜಿಯೋಮ. ಹೆಚ್ಚಿನವು ಒಂದು ವರ್ಷದ ನಂತರ ನಿಧಾನವಾಗಿ ಬಣ್ಣ ಕಳೆದುಕೊಂಡು ಕುಗ್ಗುತ್ತವೆ. ಹಾಗಂತ ಎಲ್ಲವನ್ನೂ ಕಾದು ನೋಡುವಂತಿಲ್ಲ. ತುಟಿ, ಡಯಾಪರ್ ತಾಗುವ ಜಾಗ, ಕುತ್ತಿಗೆಯ ಮಡಿಕೆ ಇಲ್ಲಿರುವುದು ಹುಣ್ಣಾಗಿ ರಕ್ತ ಬರುತ್ತದೆ, ಮಗುವಿಗೆ ವಿಪರೀತ ನೋವು. ಕಣ್ಣಿನ ಹತ್ತಿರ ಇದ್ದರೆ ದೃಷ್ಟಿಗೆ ತೊಂದರೆ. ಮೈಮೇಲೆ ಐದು ಅಥವಾ ಹೆಚ್ಚಿದ್ದರೆ ಲಿವರ್‌ನಲ್ಲೂ ಇರಬಹುದು, ಸ್ಕ್ಯಾನ್ ಮಾಡಿಸುತ್ತಾರೆ. ಇಂಥ ಮಕ್ಕಳನ್ನು ಒಂದು ತಿಂಗಳು ತುಂಬುವ ಹೊತ್ತಿಗೇ ತೋರಿಸಿದರೆ ಒಳ್ಳೆಯದು, ‘ದೊಡ್ಡವನಾದ ಮೇಲೆ ಹೋಗುತ್ತೆ’ ಅಂತ ಕೂತರೆ ಔಷಧ ಚೆನ್ನಾಗಿ ಕೆಲಸ ಮಾಡುವ ಸಮಯ ಕಳೆದುಹೋಗುತ್ತದೆ.

ಆ ಔಷಧ ಪ್ರೊಪ್ರನೊಲೋಲ್. ಮೂಲತಃ ಹೃದಯದ್ದು. ಫ್ರಾನ್ಸಿನ ಬೋರ್ಡೋದಲ್ಲಿ ಹೃದಯದ ತೊಂದರೆಗೆ ಇದನ್ನು ಕೊಟ್ಟಾಗ ಮಗುವಿನ ಹೆಮಾಂಜಿಯೋಮ ಕುಗ್ಗಿದ್ದನ್ನು ಡಾಕ್ಟರುಗಳು ಗಮನಿಸಿದರು, 2008ರಲ್ಲಿ ಪ್ರಕಟಿಸಿದರು. ಅಲ್ಲಿಂದ ಚಿಕಿತ್ಸೆಯೇ ಬದಲಾಯಿತು. ಮನೆಯಲ್ಲಿ ನೆನಪಿಡಬೇಕಾದದ್ದು ಇಷ್ಟು: ಹಾಲು ಕುಡಿಸಿದ ಮೇಲೇ ಔಷಧ ಕೊಡಬೇಕು. ಮಗು ಹಾಲು ಬಿಟ್ಟಿದ್ದರೆ, ವಾಂತಿ ಮಾಡುತ್ತಿದ್ದರೆ ಆ ಹೊತ್ತಿನ ಔಷಧ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ ಅಂಶ ಇಳಿದುಬಿಡಬಹುದು.

ಗುಳ್ಳೆ ಗಟ್ಟಿಯಾಗಿ, ಒರಟಾಗಿದ್ದು ಒಳಗೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳಿದ್ದರೆ ನರಹುಲಿ. ಆ ಕಪ್ಪು ಚುಕ್ಕೆ ಹೆಪ್ಪುಗಟ್ಟಿದ ಪುಟ್ಟ ರಕ್ತನಾಳ. ಮಗು ಕಿತ್ತರೆ ರಕ್ತ ಬರುವುದು ಅಲ್ಲಿಂದಲೇ. ಇದು ವೈರಸ್ಸಿನದು, ಉಗುರು ಕಚ್ಚುವ ಮಕ್ಕಳಲ್ಲಿ ಬೆರಳಿನಿಂದ ಬೆರಳಿಗೆ, ತುಟಿಗೆ ಹರಡುತ್ತದೆ. ಎಷ್ಟೋ ಮಕ್ಕಳಲ್ಲಿ ಎರಡು ವರ್ಷದೊಳಗೆ ತಾನೇ ಉದುರುತ್ತದೆ. ಸುಣ್ಣ-ಸೋಡಾ, ಗೇರು ಎಣ್ಣೆ ಹಚ್ಚಿದರೆ ನರಹುಲಿಗಿಂತ ದೊಡ್ಡ ಸುಟ್ಟಗಾಯ ಆಗುತ್ತದೆ, ಕಲೆ ಜೀವನಪೂರ್ತಿ ಉಳಿಯುತ್ತದೆ.

ಮುತ್ತಿನಂತೆ ಹೊಳೆಯುವ 2ರಿಂದ 5 ಮಿಲಿಮೀಟರ್‌ನ ಗುಳ್ಳೆಗಳು, ನಡುವೆ ಪುಟ್ಟ ಗುಳಿ, ಕಂಕುಳು ಹೊಟ್ಟೆ ತೊಡೆಯ ಮೇಲೆ ಗುಂಪಾಗಿ ಇದ್ದರೆ ಮೊಲಸ್ಕಮ್. ಇದೂ ವೈರಸ್. ಚಿವುಟಿದರೆ ರಕ್ತ ಬರುತ್ತದೆ, ಚಿವುಟಿದ ಕೈಯಿಂದ ಬೇರೆ ಕಡೆ ಹರಡುತ್ತದೆ. ಟವೆಲ್ ಬೇರೆ ಮಾಡಿ, ಉಗುರು ಕತ್ತರಿಸಿ. ತಿಂಗಳುಗಟ್ಟಲೆ ಇದ್ದು ಹೋಗುತ್ತದೆ. ಶಾಲೆ ಬಿಡಿಸುವ ಅಗತ್ಯ ಇಲ್ಲ.

ತುರಿಕೆ ಇದ್ದರೆ

ತುರಿಸಿ ತುರಿಸಿ ರಕ್ತ ಬರಿಸಿಕೊಂಡ ಗುಳ್ಳೆಯೇ ಮಕ್ಕಳಲ್ಲಿ ಎಲ್ಲಕ್ಕಿಂತ ಸಾಮಾನ್ಯ. ಮಗು ಹಗಲಲ್ಲಿ ತುರಿಸುತ್ತದೋ ರಾತ್ರಿಯೋ, ಮನೆಯಲ್ಲಿ ಬೇರೆಯವರಿಗೂ ಇದೆಯೋ, ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ರಾತ್ರಿ ಹೆಚ್ಚಾಗುವ ತುರಿಕೆ, ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ಗುಳ್ಳೆ, ಅಮ್ಮನಿಗೂ ತುರಿಕೆ ಅಂದರೆ ಅದು ಕಜ್ಜಿ, ಚರ್ಮದೊಳಗೆ ಸೇರುವ ಪುಟ್ಟ ಹುಳದಿಂದ ಬರುವುದು. ಚಿಕ್ಕ ಮಕ್ಕಳಲ್ಲಿ ಅಂಗೈ, ಅಂಗಾಲಿಗೂ ಬರುತ್ತದೆ. 5% ಪರ್ಮೆತ್ರಿನ್ ಕ್ರೀಮನ್ನು ಡಾಕ್ಟರ್ ಹೇಳಿದಂತೆ ರಾತ್ರಿ ಕುತ್ತಿಗೆಯಿಂದ ಕೆಳಗೆ ಮೈಪೂರ್ತಿ ಹಚ್ಚಿ, ಬೆಳಿಗ್ಗೆ ಸ್ನಾನ ಮಾಡಿಸಬೇಕು. ಹಸುಗೂಸಿಗಾದರೆ ತಲೆಗೂ ಹಚ್ಚಲು ಹೇಳುತ್ತಾರೆ. ವಾರದ ನಂತರ ಇನ್ನೊಮ್ಮೆ. ಮುಖ್ಯವಾದದ್ದು, ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ‘ನನಗೇನೂ ತುರಿಕೆ ಇಲ್ಲ’ ಅಂತ ಅಪ್ಪ ತಪ್ಪಿಸಿಕೊಂಡರೆ ತಿಂಗಳೊಳಗೆ ಕಜ್ಜಿ ವಾಪಸ್. ಬಟ್ಟೆ, ಹಾಸಿಗೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಹುಳ ಸತ್ತ ಮೇಲೂ ತುರಿಕೆ ಎರಡು ಮೂರು ವಾರ ಇರುತ್ತದೆ. ಔಷಧ ಕೆಲಸ ಮಾಡಲಿಲ್ಲ ಅಂತ ಸುಮ್ನೆ ಮತ್ತೆ ಮತ್ತೆ ಹಚ್ಚಬೇಡಿ.

ಮೆಡಿಕಲ್ ಸ್ಟೋರ್‌ನಲ್ಲಿ ಚೀಟಿ ಇಲ್ಲದೆ ಕೊಡುವ ‘ಎಲ್ಲದಕ್ಕೂ ಆಗುತ್ತೆ’ ಕ್ರೀಮ್ ಬೇಡ. ಅದರಲ್ಲಿ ಸಾಮಾನ್ಯವಾಗಿ ಜೋರಾದ ಸ್ಟಿರಾಯ್ಡ್ ಇರುತ್ತದೆ. ನಾಲ್ಕು ದಿನ ತುರಿಕೆ ತಗ್ಗುತ್ತದೆ, ಒಳಗೆ ಕಜ್ಜಿ ಹಬ್ಬುತ್ತದೆ, ಚರ್ಮ ತೆಳ್ಳಗಾಗಿ ಇನ್ನೂ ಬೇಗ ರಕ್ತ ಬರುತ್ತದೆ.

ತುರಿಸಿದ ಜಾಗದಲ್ಲಿ ಜೇನಿನ ಬಣ್ಣದ ಹಕ್ಕಳೆ ಕಟ್ಟಿದ್ದರೆ ಬ್ಯಾಕ್ಟೀರಿಯಾ ಸೇರಿಕೊಂಡಿದೆ. ಆಗ ಆಂಟಿಬಯಾಟಿಕ್ ಬೇಕು. ಇದಾದ ಕೆಲವು ವಾರಗಳ ನಂತರ ಬೆಳಿಗ್ಗೆ ಎದ್ದಾಗ ಮಗುವಿನ ಮುಖ ಊದಿಕೊಂಡರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ತಕ್ಷಣ ತೋರಿಸಿ. ಚರ್ಮದ ಸೋಂಕು ಕಿಡ್ನಿಗೆ ತೊಂದರೆ ಕೊಡುವುದು ಹೀಗೆ.

ಇನ್ನು ಕೆಲವು

ಎಳೆ ಮಗುವಿನ ಎಡತೋಳಿನ ಮೇಲೆ, ಹುಟ್ಟಿದಾಗ ಹಾಕಿಸಿದ ಬಿಸಿಜಿ ಲಸಿಕೆಯ ಜಾಗದಲ್ಲಿ ಕೆಲವು ವಾರಗಳ ನಂತರ ಗುಳ್ಳೆ ಎದ್ದು, ಒಡೆದು, ಚೂರು ಕೀವು ರಕ್ತ ಬರುವುದು ಮಾಮೂಲಿ. ಹಿಸುಕದೆ, ಏನೂ ಹಚ್ಚದೆ ಬಿಟ್ಟರೆ ಕಲೆ ಉಳಿಸಿ ಮಾಯುತ್ತದೆ. ಕಂಕುಳಲ್ಲಿ ಗಂಟು ದೊಡ್ಡದಾದರೆ ತೋರಿಸಿ.

ಕಿವಿ ಚುಚ್ಚಿಸಿದ ತೂತಿನಲ್ಲಿ, ಒಳಕ್ಕೆ ಬೆಳೆದ ಹೆಬ್ಬೆರಳ ಉಗುರಿನ ಪಕ್ಕದಲ್ಲಿ ಕೆಂಪು ಮಾಂಸದ ತುಣುಕು ಎದ್ದು ರಕ್ತ ಬರುವುದುಂಟು. ಕೆರಳಿಸುತ್ತಿರುವ ಓಲೆ ಅಥವಾ ಉಗುರಿನ ತೊಂದರೆ ಸರಿಪಡಿಸದೆ ಅದು ಹೋಗುವುದಿಲ್ಲ.

ಮಲೆನಾಡು, ಕೊಡಗಿನ ಕಡೆ ತೋಟಕ್ಕೆ ಹೋಗಿ ಬಂದ ಮಗುವಿನ ಕಾಲಿನ ಒಂದೇ ಚುಕ್ಕೆಯಿಂದ ಗಂಟೆಗಟ್ಟಲೆ ರಕ್ತ ಜಿನುಗುತ್ತಿದ್ದರೆ ಇಂಬಳ ಕಚ್ಚಿರಬೇಕು. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇದೆ. ಸೋಪು ನೀರಿನಲ್ಲಿ ತೊಳೆದು ಒತ್ತಿ ಪಟ್ಟಿ ಕಟ್ಟಿ. ಚರ್ಮಕ್ಕೆ ಕಚ್ಚಿಕೊಂಡ ಕಪ್ಪು ‘ಗುಳ್ಳೆ’ಗೆ ಕಾಲುಗಳಿದ್ದರೆ ಅದು ಉಣುಗು. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಮುಂದಿನ ಹತ್ತು ದಿನದಲ್ಲಿ ಜ್ವರ ಬಂದರೆ ಉಣುಗು ಕಚ್ಚಿದ್ದನ್ನು ಡಾಕ್ಟರಿಗೆ ಹೇಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಇದರಿಂದಲೇ.

ಬರೀ ಬಿಸ್ಕತ್ತು, ಅನ್ನ, ಹಾಲು ಬಿಟ್ಟು ಬೇರೇನೂ ಮುಟ್ಟದ ಮಗು, ಕಾಲಿನ ಕೂದಲ ಬುಡದಲ್ಲೆಲ್ಲ ರಕ್ತದ ಚುಕ್ಕೆ, ವಸಡು ಊತ, ನಡೆಯಲು ಒಲ್ಲೆ ಅನ್ನುತ್ತದೆ. ವಿಟಮಿನ್ ಸಿ ಕೊರತೆ ಇರಬಹುದು. ಆಟಿಸಂ ಇರುವ, ಊಟದಲ್ಲಿ ತೀರಾ ಹಟ ಮಾಡುವ ಮಕ್ಕಳಲ್ಲಿ ಇದು ಈಗಲೂ ಕಾಣುತ್ತದೆ.

ಮೊಬೈಲ್ ಪಕ್ಷದವರ ಕ್ಯಾನ್ಸರ್ ಭಯಕ್ಕೂ ಒಂದು ಮಾತು. ಮಕ್ಕಳಲ್ಲಿ ಚರ್ಮದ ಕ್ಯಾನ್ಸರ್ ಬಹಳ ಅಪರೂಪ. ಆದರೆ ಬಂದರೆ ಅದು ದೊಡ್ಡವರಲ್ಲಿ ಇರುವ ಹಾಗೆ ಕಪ್ಪು ಮಚ್ಚೆಯಾಗಿಯೇ ಇರಬೇಕಿಲ್ಲ. ಗುಲಾಬಿ ಬಣ್ಣದ, ಒಂದೇ ಸಮನೆ ಬೆಳೆಯುವ, ರಕ್ತ ಬರುವ ಗುಳ್ಳೆಯಾಗಿಯೂ ಇರಬಹುದು. ಅಂದರೆ ಪಯೋಜೆನಿಕ್ ಗ್ರಾನುಲೋಮದ ಹಾಗೇ. ಅದಕ್ಕೇ ತೆಗೆದ ಗುಳ್ಳೆಯನ್ನು ಎಸೆಯದೆ ಬಯಾಪ್ಸಿಗೆ, ಅಂದರೆ ಸೂಕ್ಷ್ಮದರ್ಶಕದ ಪರೀಕ್ಷೆಗೆ, ಕಳಿಸಬೇಕು.

ಡಾಕ್ಟರ ಹತ್ತಿರ ಹೋಗುವಾಗ

ಗುಳ್ಳೆಯ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ. ನಾಲ್ಕು ದಿನಕ್ಕೊಮ್ಮೆ ತೆಗೆದಿದ್ದರೆ ಎಷ್ಟು ಬೇಗ ಬೆಳೆಯಿತು ಅಂತ ಡಾಕ್ಟರಿಗೆ ತಾನೇ ಗೊತ್ತಾಗುತ್ತದೆ. ಹಚ್ಚಿದ ಮುಲಾಮುಗಳ ಟ್ಯೂಬ್ ಜೊತೆಗೆ ಒಯ್ಯಿರಿ, ನಾಟಿ ಔಷಧ ಹಚ್ಚಿದ್ದರೆ ಮುಚ್ಚಿಡಬೇಡಿ. ಹಲ್ಲು ಬಿದ್ದಾಗ, ಸೂಜಿ ಹಾಕಿಸಿದಾಗ ರಕ್ತ ನಿಲ್ಲಲು ತಡವಾಗಿತ್ತಾ, ತಾಯಿಯ ಕಡೆಯ ಗಂಡಸರಲ್ಲಿ ಯಾರಿಗಾದರೂ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇತ್ತಾ ಅನ್ನುವುದನ್ನು ಅವರು ಕೇಳುವ ಮೊದಲೇ ಹೇಳಿ. ಗುಳ್ಳೆ ಕೊಯ್ಯುವ ಮುಂಚೆ ಇದು ಅವರಿಗೆ ಗೊತ್ತಿರಲೇಬೇಕು. ಖಾಸಗಿ ಆಸ್ಪತ್ರೆಯೇ ಆಗಬೇಕೆಂದಿಲ್ಲ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲಿ ಈ ಸಣ್ಣ ಚಿಕಿತ್ಸೆ ಮಾಡುತ್ತಾರೆ.

ಗುಳ್ಳೆ ತೆಗೆಸಿಕೊಂಡು ಬಂದ ಮೇಲೆ ಮೊದಲ ದಿನ ಪಟ್ಟಿ ಒಣಗಿರಲಿ. ಆಮೇಲೆ ದಿನಕ್ಕೊಮ್ಮೆ ತೊಳೆದು ವ್ಯಾಸಲೀನ್ ಹಚ್ಚಿ ಹೊಸ ಪಟ್ಟಿ. ಹಕ್ಕಳೆ ತಾನೇ ಉದುರಲಿ. ಕೆಂಪು ಸುತ್ತಲೂ ಹರಡಿದರೆ, ಕೀವು ಅಥವಾ ಜ್ವರ ಬಂದರೆ ಕಾಯಬೇಡಿ. ಪಯೋಜೆನಿಕ್ ಗ್ರಾನುಲೋಮ ಕೆಲವರಲ್ಲಿ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ, ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ. ಹಾಗಾದರೆ ಅದೇ ಡಾಕ್ಟರ ಹತ್ತಿರ ಹೋಗಿ, ಬಯಾಪ್ಸಿ ರಿಪೋರ್ಟನ್ನೂ ಒಯ್ಯಿರಿ.